ಸುನಂದಾ ಆಂಟಿಯ ಬೆಂಚಿಗೆ ಒಂದು ಕ್ರಿಯಾಪದ

ನನ್ನ ಬೀಳ್ಕೊಡುಗೆಯ ಕೇಕಿನ ಮೇಲೆ ‘ಹ್ಯಾಪಿ ರಿಟೈರ್‌ಮೆಂಟ್’ ಎಂದು ಬರೆದಿತ್ತು. ಆಗ ನನಗೆ ಮೂವತ್ತಾರು. ಬೇಕರಿಗೆ ಫೋನ್ ಮಾಡಿದವರು ‘ಕೆಲಸ ಬಿಡುತ್ತಿದ್ದಾಳೆ’ ಎಂದಷ್ಟೇ ಹೇಳಿದ್ದರಂತೆ. ಬೇಕರಿಯವನು ತನಗೆ ತೋಚಿದ್ದನ್ನು ಕ್ರೀಮಿನಲ್ಲಿ ಬರೆದ. ಆಫೀಸಿನವರೆಲ್ಲ ಸುತ್ತ ನಿಂತು ಫೋಟೊ ತೆಗೆಸಿಕೊಂಡರು, ಕತ್ತರಿಸಿ ತಿಂದರು. ಒಬ್ಬರೂ ಓದಲಿಲ್ಲ. ಸ್ಮಾರಕ ಫಲಕಗಳನ್ನು ಮಾಡಿ ಮಾರುವ ಕಂಪನಿಯೊಂದು ಅಕ್ಷರವನ್ನು ಎಷ್ಟು ಗೌರವಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನ್ನ ಡೈರಿಗಳಲ್ಲಿಲ್ಲ.

ಆದರೂ ಬೇಕರಿಯವನು ಬರೆದದ್ದು ಸುಳ್ಳಲ್ಲ. ನಾನು ಕೂತಿದ್ದ ಮೇಜನ್ನೇ ತೆಗೆದುಹಾಕಿದರು. ಅದರ ಹೆಸರು ವರ್ಡಿಂಗ್ ಡೆಸ್ಕ್. ಪಾರ್ಕಿನ ಬೆಂಚು, ಸಭಾಭವನದ ಗೋಡೆ, ಗೋರಿಯ ಕಲ್ಲು, ಇವುಗಳ ಮೇಲೆ ಏನು ಬರೆಯಬೇಕೆಂದು ಗಿರಾಕಿಗಳ ಜೊತೆ ಕೂತು ಗೊತ್ತುಮಾಡುವುದು ನನ್ನ ಕೆಲಸ. ಈಗ ಗಿರಾಕಿಗಳೇ ವೆಬ್‌ಸೈಟಿನಲ್ಲಿ ಟೈಪ್ ಮಾಡುತ್ತಾರೆ. ಒಂದು ಬಟನ್ ಒತ್ತಿದರೆ ಯಂತ್ರವೇ ‘ಹೃದಯಸ್ಪರ್ಶಿ’ ವಾಕ್ಯಗಳನ್ನು ಸೂಚಿಸುತ್ತದೆ. ಹೊಸದಾಗಿ ಸೇರುವ ಹುಡುಗ ಹುಡುಗಿಯರಿಗೆ ಉಳಿದಿರುವುದು ಆ ವಾಕ್ಯಗಳ ಕೆಳಗೆ ‘ಓಕೆ’ ಎಂದು ಗುರುತು ಹಾಕುವುದು ಮಾತ್ರ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಓಕೆ ಒತ್ತುವ ಮುಂಚೆ ಓದಲಿ.

ನಾನು ದಾವಣಗೆರೆಯಿಂದ ಸಿಡ್ನಿಗೆ ಓದಲು ಬಂದವಳು. ಪಿಆರ್, ಅಂದರೆ ಕಾಯಂ ವಾಸದ ಪರವಾನಗಿ, ಸಿಕ್ಕ ಮೇಲೆ ಮೊದಲ ಕೆಲಸ ಈ ಕಂಪನಿಯ ನಾರ್ವೆಸ್ಟ್ ಬಡಾವಣೆಯ ಆಫೀಸಿನಲ್ಲಿ. ಗಾಜಿನ ಕಟ್ಟಡ, ಕೆಳಗೆ ಕಾಫಿ ಅಂಗಡಿ, ಅಕ್ಕಪಕ್ಕ ಇನ್ಶೂರೆನ್ಸ್ ಕಂಪನಿಗಳು. ಅಲ್ಲಿ ಕೂತು ಸತ್ತವರ ಬಗ್ಗೆ ಬರೆಯುತ್ತಿದ್ದೆವು. ಎರಕ ಹೊಯ್ಯುವ ಶೆಡ್ಡು ಬೇರೆ ಕಡೆ ಇತ್ತು. ನನ್ನ ಮೇಲಿನವಳು ಡೆನೀಸ್, ಅರವತ್ತು ದಾಟಿದ ಹೆಂಗಸು. ವೈಜಯಂತಿ ಎಂಬ ನನ್ನ ಹೆಸರನ್ನು ಮೊದಲ ದಿನವೇ ‘ವೈ’ ಎಂದು ಕತ್ತರಿಸಿದಳು. ಆಫೀಸಿನ ಆ ತುದಿಯಿಂದ ಅವಳು ಕೂಗಿದರೆ ಪ್ರಶ್ನೆ ಕೇಳಿದ ಹಾಗೆ ಇರುತ್ತಿತ್ತು.

ಡೆನೀಸ್ ಒಳ್ಳೆಯವಳೆಂದು ಹೇಳಲಾರೆ. ನಾನು ಊಟದ ಡಬ್ಬಿ ತೆಗೆದರೆ ಮೂಗು ಮುರಿಯುತ್ತಿದ್ದಳು, ನಾನು ರಜೆ ಕೇಳಿದರೆ ಕ್ಯಾಲೆಂಡರನ್ನು ತಿರುಗಿಸಿ ಇಡುತ್ತಿದ್ದಳು. ಆದರೆ ಯಾವ ಕರಡು ತೆಗೆದುಕೊಂಡು ಹೋದರೂ ಅವಳು ಕೇಳುತ್ತಿದ್ದುದು ಒಂದೇ: ‘ವಾಟ್ ಡಿಡ್ ಶಿ ಡೂ, ಲವ್?’ ಆಕೆ ಮಾಡಿದ್ದೇನು? ನಾನು ‘ಪ್ರೀತಿಯ ತಾಯಿ, ದಣಿವರಿಯದ ಸೇವಕಿ, ಎಲ್ಲರ ಸ್ಫೂರ್ತಿ’ ಎಂದು ಓದಿದರೆ ಮತ್ತೆ ಅದೇ: ‘ಅದು ಸರಿ. ಮಾಡಿದ್ದೇನು?’ ಕ್ರಿಯಾಪದ ಇಲ್ಲದ ಫಲಕವನ್ನು ಅವಳು ಹಿಂದಕ್ಕೆ ತಳ್ಳುತ್ತಿದ್ದಳು. ಗಿರಾಕಿಗೆ ಫೋನ್ ಮಾಡಿ ಒಂದು ಕ್ರಿಯಾಪದ ಬೇಡಿ ತರುವುದು ನನ್ನ ಪಾಲಿಗೆ. ಎಷ್ಟೋ ಮನೆಗಳವರು ಆ ಪ್ರಶ್ನೆಗೂ ವಿಶೇಷಣಗಳನ್ನೇ ಹೇಳುತ್ತಿದ್ದರು. ಒಬ್ಬ ಮಗ ಕೊನೆಗೆ, ‘ಅಪ್ಪ ಟಿವಿ ನೋಡ್ತಿದ್ದ’ ಅಂದ. ಅದನ್ನೇ ಹಾಕಿದೆವು. ನನ್ನ ಕೆಲಸದಲ್ಲಿ ಅದೊಂದು ಒಳ್ಳೆಯ ಫಲಕ.

ವಿಶೇಷಣಗಳ ಮೇಲಿನ ನನ್ನ ತಿರಸ್ಕಾರ ಶುರುವಾದದ್ದು ಅಲ್ಲಿ. ಡೈರಿಯ ಕೊನೆಯ ಪುಟಗಳಲ್ಲಿ ಒಂದೊಂದಕ್ಕೂ ಒಂದೊಂದು ಗೀಟು ಹಾಕುತ್ತಿದ್ದೆ. ‘ದಣಿವರಿಯದ’ ಎಂಬುದಕ್ಕೆ ಪ್ರತಿ ವರ್ಷವೂ ಮೊದಲ ಸ್ಥಾನ. ಸತ್ತವರು ಒಬ್ಬರೂ ದಣಿದಿರಲಿಲ್ಲ.

ಕನ್ನಡದ ಫಲಕ ನಮ್ಮಲ್ಲಿಗೆ ಮೊದಲು ಬಂದದ್ದು ಸಿಡ್ನಿಯ ದಿ ಪಾಂಡ್ಸ್ ಎಂಬ ಬಡಾವಣೆಯ ಒಂದು ಸಭಾಭವನಕ್ಕೆ. ಅದು ಬಂದ ವಾರ ನಾನು ಜ್ವರ ಬಂದು ಮಲಗಿದ್ದೆ. ಕೊರೆಯುವ ಯಂತ್ರದ ಸಾಫ್ಟ್‌ವೇರಿಗೆ ಕನ್ನಡದ ಒತ್ತಕ್ಷರ ಬರುವುದಿಲ್ಲ. ಅಕ್ಷರವನ್ನು ಬಿಡಿಸಿ ಪಕ್ಕಪಕ್ಕದಲ್ಲಿ ಇಡುತ್ತದೆ. ‘ಉದ್ಘಾಟನೆ’ ಎಂಬುದು ‘ಉದ್‌ಘಾಟನೆ’ ಆಯಿತು, ‘ಅಧ್ಯಕ್ಷರು’ ಮೂರು ತುಂಡಾದರು. ನಾನು ಗುಣವಾಗಿ ಬರುವ ಹೊತ್ತಿಗೆ ಫಲಕ ಗೋಡೆಯ ಮೇಲಿತ್ತು, ಮಂತ್ರಿಯೊಬ್ಬರು ಪರದೆ ಎಳೆದಿದ್ದರು, ಅದರ ಮುಂದೆ ನಿಂತು ಕನ್ನಡ ಉಳಿಸಬೇಕೆಂದು ಭಾಷಣಗಳಾಗಿದ್ದವು. ನಾನು ಹೋಗಿ ನೋಡಿ, ತಪ್ಪಾಗಿದೆ, ಬೇರೆ ಮಾಡಿಕೊಡುತ್ತೇವೆ ಎಂದು ಅಲ್ಲಿಯ ಕಾರ್ಯದರ್ಶಿಗೆ ಹೇಳಿದೆ. ಆತ ಫಲಕವನ್ನು ಮೊದಲ ಸಲ ನೋಡುವವನಂತೆ ನೋಡಿದ.

‘ಎಲ್ಲಿ ಮೇಡಂ ತಪ್ಪು? ಚೆನ್ನಾಗೇ ಇದೆಯಲ್ಲ. ಶೈನಿಂಗು!’

ಅದು ಈಗಲೂ ಅಲ್ಲಿದೆ. ಫೋಟೊಗಳಲ್ಲಿ ನೋಡುತ್ತಿರುತ್ತೇನೆ. ಅಧ್ಯಕ್ಷರು ಇನ್ನೂ ಮೂರು ತುಂಡು.

ಇದಾದ ಮೇಲೆ ಕನ್ನಡದ್ದೇನು ಬಂದರೂ ನನ್ನ ಕಣ್ಣಿನ ಕೆಳಗೆ ಹೋಗದೆ ಶೆಡ್ಡಿಗೆ ಹೋಗುವಂತಿಲ್ಲ ಎಂದು ಡೆನೀಸ್ ನಿಯಮ ಮಾಡಿದಳು. ಆ ನಿಯಮ ನನ್ನ ಜೊತೆ ಮೆಲ್ಬರ್ನಿಗೂ ಬಂತು. ಗಂಡನ ಕೆಲಸಕ್ಕೆ ಅಲ್ಲಿಗೆ ಹೋದಾಗ ಕಂಪನಿ ಅಲ್ಲಿಯ ಆಫೀಸಿನಲ್ಲಿ ಅದೇ ಮೇಜು ಕೊಟ್ಟಿತು. ಹೊಸ ಮ್ಯಾನೇಜರ್ ಒಬ್ಬ ಯುವಕ, ಫಲಕಕ್ಕೆ ‘ಕಂಟೆಂಟ್’ ಎನ್ನುತ್ತಿದ್ದ, ಸತ್ತವರಿಗೆ ‘ಆನರೀ’, ಸನ್ಮಾನಿತರು, ಎನ್ನುತ್ತಿದ್ದ. ಅವನ ಬಗ್ಗೆ ಇಷ್ಟು ಸಾಕು.

ಮೆಲ್ಬರ್ನಿನ ಅಂಚಿನ ಕ್ರೇಗಿಬರ್ನಿನಲ್ಲಿ ಕೌನ್ಸಿಲ್‌ನವರು, ಅಂದರೆ ಅಲ್ಲಿಯ ನಗರಸಭೆಯವರು, ಒಂದು ಹೊಸ ಪಾರ್ಕು ಮಾಡಿ, ವಲಸೆ ಬಂದ ಸಮುದಾಯಗಳ ಹೆಂಗಸರ ಹೆಸರಿನಲ್ಲಿ ಬೆಂಚುಗಳನ್ನು ಹಾಕಿಸುವುದೆಂದು ಗೊತ್ತುಮಾಡಿದ್ದರು. ಸಮುದಾಯಕ್ಕೊಂದು ಬೆಂಚು. ಬೆಂಚಿಗೆ ಒಂದು ಫಲಕ: ಮೂರು ಸಾಲು ಇಂಗ್ಲಿಷು, ಒಂದು ಸಾಲು ಅವರವರ ಭಾಷೆ. ಕನ್ನಡದವರ ಪರವಾಗಿ ಅರ್ಜಿ ಹಾಕಿದ್ದು ಒಂದು ಚಿಕ್ಕ ಬಳಗ. ಅದರ ಹೆಸರು ಬೇಡ. ಬಳಗ ಎಂದೇ ಕರೆಯುತ್ತೇನೆ. ಅಧ್ಯಕ್ಷರು ಡಾಕ್ಟರ್ ಪ್ರಭಾಕರ್, ಮೈಸೂರಿನವರು, ಕೆಲಸದಿಂದ ನಿವೃತ್ತರಾದ ವೈದ್ಯರು. ಕಾರ್ಯದರ್ಶಿ ಸುಮಂತ್, ಐಟಿಯವನು. ಅವರ ಅರ್ಜಿಯಲ್ಲಿದ್ದ ಹೆಸರು ಸುನಂದಾ. ಹೆಸರಿನ ಮುಂದೆ ಇಂಗ್ಲಿಷಿನಲ್ಲಿ ‘ಆಂಟಿ-ಸ್ಲೇವರಿ ಕ್ಯಾಂಪೇನರ್’. ಗುಲಾಮಗಿರಿಯ ವಿರುದ್ಧ ಹೋರಾಡಿದವರು.

ಅರ್ಜಿ ಓದಿ ನನಗೆ ಸಂತೋಷವಾಯಿತು ಎಂದು ಆ ದಿನದ ಡೈರಿಯಲ್ಲಿದೆ. ಕ್ರಿಯಾಪದ ಸುಲಭವಾಗಿ ಸಿಗುತ್ತದೆ ಎಂದುಕೊಂಡಿದ್ದೆ.

ಬಳಗದವರು ಕಳಿಸಿದ ಕರಡಿನಲ್ಲಿ ಇಂಗ್ಲಿಷು ಹೀಗಿತ್ತು: ವಿಶ್ವದಾದ್ಯಂತ ಗುಲಾಮಗಿರಿಯ ವಿರುದ್ಧ ದಣಿವರಿಯದೆ ದನಿಯೆತ್ತಿದ ಸಮುದಾಯದ ಸ್ಫೂರ್ತಿ. ಕನ್ನಡದ ಸಾಲು: ‘ಕನ್ನಡಾಂಬೆಯ ಹೆಮ್ಮೆಯ ಮನೆಮಗಳು.’

ಕೌನ್ಸಿಲ್‌ನ ನಿಯಮದಂತೆ, ಸತ್ತವರ ಹತ್ತಿರದವರೊಬ್ಬರು ಮಾತುಗಳನ್ನು ಓದಿ ಸಹಿ ಹಾಕಬೇಕು. ಸುನಂದಾ ಅವರಿಗೆ ಗಂಡ ಹಿಂದೆಯೇ ತೀರಿಕೊಂಡಿದ್ದರು, ಮಕ್ಕಳಿಲ್ಲ. ‘ಫ್ಯಾಮಿಲಿ ಯಾರೂ ಇಲ್ಲ, ನಾವೇ ಫ್ಯಾಮಿಲಿ’ ಎಂದರು ಪ್ರಭಾಕರ್. ಹಾಗಾದರೆ ಅವರು ಕೊನೆಯ ದಿನಗಳನ್ನು ಕಳೆದ ವೃದ್ಧರ ಮನೆ ಯಾವುದು ಎಂದು ಕೇಳಿದೆ. ಗೊತ್ತಿಲ್ಲ ಎಂದರು. ಆ ಫ್ಯಾಮಿಲಿ ಹಾಗಿತ್ತು.

ನಾಲ್ಕು ಫೋನಿನಲ್ಲಿ ಆ ಮನೆ ಸಿಕ್ಕಿತು. ಅಲ್ಲಿಯ ನರ್ಸ್ ಹೇಳಿದಳು: ಮೊದಮೊದಲು ಅವರನ್ನು ನೋಡಲು ಪ್ರತಿ ಭಾನುವಾರ ಬರುತ್ತಿದ್ದವಳು ಒಬ್ಬಳೇ, ಗಿರಿಜಾ. ಆಮೇಲೆ ತಾನೂ ಇಲ್ಲೇ ಕೆಲಸ ಹುಡುಕಿಕೊಂಡು ಬಂದಳು, ಈಗ ಅಡುಗೆಮನೆಯಲ್ಲಿದ್ದಾಳೆ.

ಗಿರಿಜಮ್ಮ ಐವತ್ತರ ಆಸುಪಾಸಿನ ಹೆಂಗಸು, ಕನಕಪುರದ ಕಡೆಯವರು. ನಾನು ಕನ್ನಡದಲ್ಲಿ ಮಾತಾಡಿದ್ದಕ್ಕೆ ಮೊದಲು ಅನುಮಾನ ಪಟ್ಟರು. ಬೆಂಚಿನ ವಿಷಯ ಹೇಳಿದೆ. ಕೈ ಒರೆಸಿಕೊಂಡು, ಕರಡನ್ನು ತೆಗೆದುಕೊಂಡು, ಇಂಗ್ಲಿಷನ್ನು ಬಿಟ್ಟು ಕನ್ನಡದ ಸಾಲನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಓದಿ, ಕಾಗದವನ್ನು ನನ್ನ ಕಡೆ ತಳ್ಳಿದರು.

‘ಬ್ಯಾಡ ಕಣವ್ವ.’

‘ಯಾಕೆ ಗಿರಿಜಮ್ಮ? ಬೆಂಚು ಬೇಡವಾ?’

‘ಬೆಂಚು ಬೇಕು. ಆವಮ್ಮಂಗೆ ಒಂದು ಕಲ್ಲೂ ಇಲ್ಲ ಎಲ್ಲೂವೆ. ಬಸ್ಸಲ್ಲಿ ದಿನಾ ಆ ಪಾರ್ಕ್ ಮುಂದೇನೇ ಓಗ್ತೀನಿ, ಇಳುದು ವಸಿ ಕೂತ್ಕಬೋದು. ಆದ್ರೆ ಮನೆಮಗ್ಳು ಅಂತ ಇದ್ರೆ ನಾನು ಸೈನ್ ಆಕಕಿಲ್ಲ. ಬೆಂಚಿಲ್ದಿದ್ರೂ ಸರಿ.’

ಏಕೆಂದು ಕೇಳಿದಾಗ ಅವರು ಹೇಳಿದ್ದನ್ನು ಇಲ್ಲಿ ಒಟ್ಟಾಗಿ ಬರೆಯುತ್ತೇನೆ.

ಅವರನ್ನು ಇಲ್ಲಿಗೆ ಕರೆತಂದದ್ದು ಒಂದು ಕನ್ನಡದ ಕುಟುಂಬ, ಮನೆಗೆಲಸಕ್ಕೆ. ಯಾವ ಮನೆ ಎಂದು ಅವರು ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ವಿಮಾನ ಇಳಿದ ದಿನವೇ ಪಾಸ್‌ಪೋರ್ಟನ್ನು ‘ಜೋಪಾನವಾಗಿ’ ಎತ್ತಿಟ್ಟುಕೊಂಡರು. ಸಂಬಳ ಊರಿಗೆ ಕಳಿಸುತ್ತಿದ್ದೇವೆ ಎಂದರು. ಊರಿಗೆ ಏನೂ ಹೋಗಲಿಲ್ಲ. ರಾತ್ರಿ ಮಲಗುವುದು ಲಾಂಡ್ರಿಯಲ್ಲಿ, ಬಟ್ಟೆ ಒಗೆಯುವ ಯಂತ್ರದ ಪಕ್ಕ. ಅದರ ಬಾಗಿಲಿಗೆ ಚಿಲಕ ಹೊರಗಡೆ ಇತ್ತು. ಮನೆಗೆ ಬಂದವರು ಯಾರಾದರೂ ಕೇಳಿದರೆ, ಯಜಮಾನಿ ಗಿರಿಜಾಳ ಹೆಗಲ ಮೇಲೆ ಕೈಯಿಟ್ಟು, ‘ನಮ್ಮನೆ ಮಗಳ ಹಾಗೆ ನೋಡ್ಕೊಂಡಿದೀವಿ’ ಎನ್ನುತ್ತಿದ್ದಳು. ಬಂದವರು ‘ಎಷ್ಟು ಒಳ್ಳೆಯವರು ನೀವು’ ಎಂದು ಕಾಫಿ ಕುಡಿಯುತ್ತಿದ್ದರು. ಕಾಫಿ ತಂದವಳು ಗಿರಿಜಾ.

ಒಂದು ದಿನ ಕುದಿಯುವ ಎಣ್ಣೆ ಕೈಮೇಲೆ ಚೆಲ್ಲಿ ಆಸ್ಪತ್ರೆಗೆ ಕರೆದೊಯ್ದರು. ಯಜಮಾನಿ ತಾನೇ ಎಲ್ಲವನ್ನೂ ಹೇಳುತ್ತೇನೆಂದಳು. ನರ್ಸ್ ಒಪ್ಪದೆ ಫೋನಿನಲ್ಲಿ ಕನ್ನಡದ ಇಂಟರ್‌ಪ್ರಿಟರನ್ನು ಕರೆದಳು. ಫೋನಿಗೆ ಬಂದವರು ಸುನಂದಾ. ಅವರು ಯಜಮಾನಿಯನ್ನು ಹೊರಗೆ ಕೂರಿಸಲು ನರ್ಸಿಗೆ ಹೇಳಿ, ಕೈಯ ಬಗ್ಗೆ ಕೇಳುವುದನ್ನೆಲ್ಲ ಕೇಳಿ ಮುಗಿದ ಮೇಲೆ, ಕನ್ನಡದಲ್ಲಿ ಇನ್ನೊಂದು ಮಾತು ಕೇಳಿದರು: ‘ರಾತ್ರಿ ಬಾಗಿಲು ಯಾರು ಹಾಕ್ತಾರಮ್ಮ? ಒಳಗಿಂದ ನೀನಾ, ಹೊರಗಿಂದ ಅವರಾ?’

‘ಅವ್ರು ಅಂದೆ,’ ಎಂದರು ಗಿರಿಜಮ್ಮ. ‘ಅಷ್ಟೇ ಅಂದಿದ್ದು ನಾನು.’

ಇಂಟರ್‌ಪ್ರಿಟರ್ ಆದವರು ಕೇಳಿದ್ದನ್ನು ಹೊರಗೆ ಹೇಳುವಂತಿಲ್ಲ. ಸುನಂದಾ ಹೇಳಿದರು. ಎರಡು ದಿನದ ಮೇಲೆ ಒಬ್ಬಳು ಪೊಲೀಸ್ ಅಧಿಕಾರಿಯನ್ನು ಕರೆದುಕೊಂಡು ಆ ಮನೆಗೆ ಬಂದರು. ಆ ಅಪರಾಧಕ್ಕೆ ಅವರ ಕೆಲಸ ಹೋಯಿತು. ಕೆಲಸ ಹೋದ ಮೇಲೆ ಅವರಿಗೆ ಸಮಯ ಬಹಳ ಸಿಕ್ಕಿತು. ಇಂಥ ಇನ್ನಷ್ಟು ಮನೆಗಳನ್ನು ಹುಡುಕಿದರು. ರಾಜ್ಯೋತ್ಸವದ ಊಟದ ಸಾಲಿನ ಪಕ್ಕ ನಿಂತು ಕೈಬರಹದ ಕರಪತ್ರ ಹಂಚಿದರು: ನಿಮ್ಮ ಮನೆಯ ಕೆಲಸದವಳ ಪಾಸ್‌ಪೋರ್ಟ್ ಯಾರ ಬೀರುವಿನಲ್ಲಿದೆ? ಇದಕ್ಕೆ ಕನ್ನಡದಲ್ಲಿ ಗುಲಾಮಗಿರಿ ಎನ್ನುತ್ತಾರೆ. ಜನ ಅದನ್ನು ತೆಗೆದುಕೊಂಡು ಹೋಳಿಗೆಯ ತುಪ್ಪ ಒರೆಸಿಕೊಂಡರು. ಮರುವರ್ಷದಿಂದ ಅವರಿಗೆ ಆಮಂತ್ರಣ ಬರಲಿಲ್ಲ, ಹತ್ತು ವರ್ಷದ ಹೊತ್ತಿಗೆ ಅವರು ಯಾರೆಂದು ಹೊಸಬರಿಗೆ ತಿಳಿದಿರಲಿಲ್ಲ.

‘ಗಿರಿಜಮ್ಮ, ಆ ದಿನ ಮನೆಗೆ ಬಂದು ಅವರು ಮಾಡಿದ್ದೇನು?’ ಎಂದು ಕೇಳಿದೆ. ಡೆನೀಸ್‌ಳ ಪ್ರಶ್ನೆಯನ್ನು ಅಷ್ಟು ನಿಜವಾಗಿ ನಾನು ಹಿಂದೆಂದೂ ಕೇಳಿರಲಿಲ್ಲ.

‘ಬಾಗ್ಲು ತೆಗುಸುದ್ರು.’

‘ತೆಗೆದರು ಅಂತ ಹಾಕಲಾ?’

‘ತೆಗುದ್ರು ಅಲ್ಲ ಕಣವ್ವ, ತೆಗು-ಸುದ್ರು. ಪೊಲೀಸಮ್ಮ ತಾನೇ ತೆಗೀತೀನಿ ಅಂದ್ಲಂತೆ. ಇವ್ರು ಬ್ಯಾಡ ಅಂದು, ಆ ಯಜಮಾನಿ ಕೈಲೇ ಚಿಲ್ಕ ತೆಗುಸುದ್ರು. ಆಕಿದ ಕೈಲೇ ತೆಗೀಲಿ ಅಂತ. ನಾನು ಒಳಗಿಂದ ಕೇಳುಸ್ಕತಿದ್ದೆ. ವಸಿ ಒತ್ತು ಚಿಲ್ಕ ಬರ್ನೇ ಇಲ್ಲ. ಆಮೇಲೆ ಪೊಲೀಸ್ ಸ್ಟೇಷನ್ನಲ್ಲಿ ನಾನು ಯೋಳಿದ್ದನ್ನ ಇವ್ರು ಇಂಗ್ಲಿಷಲ್ಲಿ ಯೋಳುದ್ರು. ಐ, ಐ ಅಂತಿದ್ರು. ಐ ಅಂದ್ರೆ ನಾನು ಅಂತ ನಂಗೂ ಗೊತ್ತಿತ್ತು. ಲಾಂಡ್ರಿಲಿ ಮಲಗಿದ್ದು ನಾನು, ನೀವ್ಯಾಕವ್ವ ಐ ಅಂತೀರ ಅಂದೆ. ನಗಾಡುದ್ರು. ಅದೇ ರೂಲ್ಸಂತೆ. ಬೇರೇರ ಮಾತು ಯೋಳೋವಾಗ ಅವ್ಳು ಅನ್ನಂಗಿಲ್ವಂತೆ, ನಾನು ಅನ್ಬೇಕಂತೆ.’

ಆಫೀಸಿಗೆ ಹೋಗಿ ಕನ್ನಡದ ಸಾಲನ್ನು ಬರೆದೆ: ‘ಬಾಗಿಲು ತೆಗೆಸಿದರು. ನಾವು ಹೊರಗೆ ಬಂದೆವು.’ ಮೊದಲ ವಾಕ್ಯವೂ ಗಿರಿಜಮ್ಮನದ್ದು, ಎರಡನೆಯದೂ ಅವರದ್ದೇ. ‘ನಾನು ಹೊರಗೆ ಬಂದೆ’ ಎಂದೇ ಹಾಕೋಣ ಎಂದಿದ್ದೆ. ‘ನಾನೊಬ್ಳೇ ಅಲ್ವಲ್ಲ, ನಾವು ಅಂತ ಆಕವ್ವ’ ಎಂದರು. ಸಾಲು ಸರಿಯಾಗಿ ಫಲಕದ ಅಗಲಕ್ಕೆ ಕೂತಿತು. ಆದರೆ ಬಳಗ ಒಪ್ಪದೆ ಅದು ಶೆಡ್ಡಿಗೆ ಹೋಗುವಂತಿರಲಿಲ್ಲ. ಗಿರಿಜಮ್ಮ ಒಪ್ಪದೆ ಬೇರೆ ಯಾವ ಸಾಲೂ ಹೋಗುವಂತಿರಲಿಲ್ಲ. ತಿಂಗಳ ಕೊನೆಯೊಳಗೆ ಎರಡು ಸಹಿಯೂ ಬರದಿದ್ದರೆ ಬೆಂಚು ಇನ್ನೊಂದು ಸಮುದಾಯಕ್ಕೆ ಹೋಗುತ್ತದೆ ಎಂದು ಕೌನ್ಸಿಲ್‌ನಿಂದ ಮೇಲ್ ಬಂದಿತ್ತು.

ಬಳಗದ ಸಭೆ ಸಮುದಾಯ ಭವನದ ಒಂದು ಕೋಣೆಯಲ್ಲಿ. ಫ್ಲಾಸ್ಕಿನಲ್ಲಿ ಕಾಫಿ, ತಟ್ಟೆಯಲ್ಲಿ ಕೋಡುಬಳೆ. ನಾನು ಮೊದಲು ನೇರವಾದ ದಾರಿಯನ್ನೇ ಹಿಡಿದೆ. ಕನ್ನಡದ ಸಾಲಿನಲ್ಲಿ ಗುಲಾಮಗಿರಿ ಎಂಬ ಪದ ಇರಬೇಕಲ್ಲವೇ ಎಂದೆ.

ಪ್ರಭಾಕರ್ ಕನ್ನಡಕ ತೆಗೆದರು. ‘ನೋಡಮ್ಮ, ಗುಲಾಮಗಿರಿ ಅಂದ್ರೆ ಆಫ್ರಿಕಾ, ಸರಪಳಿ, ಹಡಗು. ಇಲ್ಲಿಗೆ ಯಾರನ್ನ ಹಡಗಲ್ಲಿ ಕಟ್ಕೊಂಡು ಬಂದ್ರು? ಎಲ್ರೂ ಫ್ಲೈಟಲ್ಲಿ ಬಂದೋರೇ. ವಿಂಡೋ ಸೀಟಲ್ಲಿ!’

ಸುಮಂತ್ ನಕ್ಕ.

‘ಅರ್ಜಿಯಲ್ಲಿ ನೀವೇ ಬರೆದಿದ್ದೀರಲ್ಲ ಅಂಕಲ್, ಆಂಟಿ-ಸ್ಲೇವರಿ ಅಂತ?’

‘ಅದು ಇಂಗ್ಲಿಷಲ್ಲಮ್ಮ. ಇಂಗ್ಲಿಷಲ್ಲಿ ನಡೆಯತ್ತೆ. ಕೌನ್ಸಿಲ್‌ನವರಿಗೆ ಆ ಥೀಮ್ ಇಷ್ಟ. ಕನ್ನಡದಲ್ಲಿ ಹಾಕಿದ್ರೆ ನಮ್ಮವರು ಓದ್ತಾರೆ.’

‘ಓದಬಾರದಾ ಅಂಕಲ್?’

‘ಓದಿ, ಯಾರ ಮನೆ, ಯಾವ ಮನೆ ಅಂತ ಶುರುವಾಗತ್ತೆ. ಸುನಂದಾ ಒಳ್ಳೆಯವಳೇ. ಸ್ವಲ್ಪ ಓವರ್ ಸೆನ್ಸಿಟಿವ್. ಒಂದೆರಡು ಕೇಸ್ ಇದ್ದಿರಬಹುದು, ಎಲ್ಲಾ ಕಡೆ ಇರತ್ತೆ. ಅದಕ್ಕೇ ನೋಡು, ಅರೌಂಡ್ ದಿ ವರ್ಲ್ಡ್ ಅಂತ ಹಾಕಿದೀವಿ.’

ಆಕೆ ಮೆಲ್ಬರ್ನ್ ಬಿಟ್ಟು ಸಿಡ್ನಿಗೂ ಹೋದವರಲ್ಲ. ಆದರೂ ಆಕೆಯ ಹೋರಾಟವನ್ನು ವಿಶ್ವದ ತುಂಬ ಹರಡಿದ್ದರು, ನಮ್ಮ ಸಬರ್ಬಿನಲ್ಲಿ ಮಾತ್ರ ಉಳಿಯದ ಹಾಗೆ. ಇಷ್ಟು ಚೆನ್ನಾಗಿ ಹೊಗಳಿ ಕೈತೊಳೆದುಕೊಳ್ಳುವ ಕಲೆಯನ್ನು ನಾನು ಹತ್ತು ವರ್ಷದ ಕೆಲಸದಲ್ಲಿ ಕಂಡಿರಲಿಲ್ಲ.

ನಾನು ವಾದ ಬಿಟ್ಟು, ಚೀಲದಿಂದ ಇನ್ನೊಂದು ಹಾಳೆ ತೆಗೆದು ಮುಂದಿಟ್ಟೆ. ‘ಹಾಗಾದರೆ ಇದು ಹೇಗೆ ನೋಡಿ.’

ಪ್ರಭಾಕರ್ ಗಟ್ಟಿಯಾಗಿ ಓದಿದರು. ‘ಬಾಗಿಲು ತೆಗೆಸಿದರು. ನಾವು ಹೊರಗೆ ಬಂದೆವು.’ ಮತ್ತೊಮ್ಮೆ ಓದಿದರು. ಅವರ ಕಣ್ಣು ತುಂಬಿತು. ನಾನು ಉತ್ಪ್ರೇಕ್ಷೆ ಮಾಡುತ್ತಿಲ್ಲ. ಅವರು ಭಾವುಕ ಮನುಷ್ಯ.

‘ಆಹಾ! ಅಜ್ಞಾನದ ಬಾಗಿಲು! ಕತ್ತಲೆಯಿಂದ ಬೆಳಕಿಗೆ! ಎಷ್ಟು ಕಡಿಮೆ ಮಾತಲ್ಲಿ ಎಂಥ ಅರ್ಥ, ನೋಡು ಸುಮಂತ್.’

‘ಡೀಪ್ ಇದೆ ಸರ್,’ ಎಂದ ಸುಮಂತ್. ‘ಆದ್ರೆ ಬಾಗಿಲು ಅನ್ನೋದಕ್ಕಿಂತ ಬಾಳಿನ ಬಾಗಿಲು ಅಂತ ಹಾಕಿದ್ರೆ?’

‘ಒಂದು ಸಾಲಿನಲ್ಲಿ ಅಷ್ಟು ಅಕ್ಷರ ಹಿಡಿಸಲ್ಲ,’ ಎಂದೆ.

‘ತೆಗೆಸಿದರು ಸ್ವಲ್ಪ ರಫ್ ಆಯ್ತು. ತೆರೆದರು ಅಂತ?’

‘ತೆಗೆಸಿದರು ಅನ್ನುವಲ್ಲಿಯ ಆ ಸಿ ಬೇಕು. ಸಹಿ ಹಾಕುವವರು ಅದಿಲ್ಲದೆ ಒಪ್ಪುವುದಿಲ್ಲ.’

‘ಇರಲಿ ಬಿಡೋ,’ ಎಂದರು ಪ್ರಭಾಕರ್, ‘ತೆಗೆಸಿದರು ಅಂದ್ರೆ ಎಲ್ಲರ ಕೈಯಲ್ಲೂ ಅವರವರ ಮನಸ್ಸಿನ ಬಾಗಿಲನ್ನ ತೆಗೆಸಿದ್ರು ಅಂತ. ಇನ್ನೂ ಒಳ್ಳೇದಾಯ್ತು. ಯಾರಮ್ಮ ಬರೆದಿದ್ದು?’

‘ಒಬ್ಬರು ಅಡುಗೆಯವರು.’

ಅವರು ಮೆಚ್ಚಿಕೊಂಡು ನಕ್ಕರು, ನಾನು ವಿನಯಕ್ಕೆ ಹಾಗೆ ಹೇಳುತ್ತಿದ್ದೇನೆಂದುಕೊಂಡು. ಸಹಿ ಹಾಕಿದರು.

ಹೊಸಬರು ಇದನ್ನು ಗಮನಿಸಬೇಕು. ನಾನು ಸುಳ್ಳು ಹೇಳಲಿಲ್ಲ. ಯಾವ ಬಾಗಿಲು ಎಂದು ಅವರು ಕೇಳಲಿಲ್ಲ. ನಮ್ಮ ಜನಕ್ಕೆ ಬಾಗಿಲು ಎಂದರೆ ಅಜ್ಞಾನದ್ದು, ದೀಪ ಎಂದರೆ ಜ್ಞಾನದ್ದು, ದಾರಿ ಎಂದರೆ ಬಾಳಿನದ್ದು. ಮರದ ಬಾಗಿಲೊಂದು ಮನೆಯಲ್ಲಿರಬಹುದು, ಅದಕ್ಕೆ ಚಿಲಕವಿರಬಹುದು ಎಂಬುದು ಅಷ್ಟು ಭಾಷಣ ಕೇಳಿದ ತಲೆಗೆ ಹೊಳೆಯುವುದೇ ಇಲ್ಲ. ಇಂಗ್ಲಿಷಿನ ‘ವಿಶ್ವದಾದ್ಯಂತ’ವನ್ನು ತೆಗೆಯಲು ಮಾತ್ರ ನನ್ನಿಂದಾಗಲಿಲ್ಲ. ಅದು ಈಗಲೂ ಬೆಂಚಿನ ಮೇಲಿದೆ.

ಫಲಕವನ್ನು ಅನಾವರಣ ಮಾಡಿದ್ದು ಮಾರ್ಚಿನ ಒಂದು ಶನಿವಾರ ಬೆಳಿಗ್ಗೆ. ಗಾಳಿ ಜೋರಾಗಿತ್ತು. ಹಳದಿ ಕೆಂಪು ಬಟ್ಟೆ ಬೆಂಚಿನ ತೋಳಿಗೆ ಸಿಕ್ಕಿ, ಕೌನ್ಸಿಲ್‌ನ ಸದಸ್ಯೆ ಎರಡು ಸಲ ಎಳೆಯಬೇಕಾಯಿತು. ಮೂವತ್ತು ಜನ ಇದ್ದಿರಬಹುದು, ಅವರಲ್ಲಿ ಸುನಂದಾ ಅವರನ್ನು ಕಂಡಿದ್ದವರು ಐವರು. ಗಿರಿಜಮ್ಮ ಶಿಫ್ಟ್ ಮುಗಿಸಿ ಅಡುಗೆಮನೆಯ ಯೂನಿಫಾರ್ಮಿನಲ್ಲೇ ಬಂದು ನನ್ನ ಪಕ್ಕ ನಿಂತರು. ಯಾರೋ ಒಬ್ಬರು ಅವರನ್ನು ನೋಡಿ, ಕೇಟರಿಂಗ್‌ನವರು ಈ ಕಡೆ ಬನ್ನಿ ಎಂದು ಕರೆದರು.

ಪ್ರಭಾಕರ್ ಇಂಗ್ಲಿಷಿನಲ್ಲಿ ಮಾತಾಡಿದರು. ಸುನಂದಾ ಅವರ ವೀಣೆ, ಸುನಂದಾ ಅವರ ಒಬ್ಬಟ್ಟು, ಸುನಂದಾ ಅವರ ವಿಶ್ವಮಾನವ ದೃಷ್ಟಿ. ಕ್ರಿಯಾಪದ ಬರುತ್ತದೇನೋ ಎಂದು ಕಾದೆ. ಬರಲಿಲ್ಲ. ಕೌನ್ಸಿಲ್‌ನ ಸದಸ್ಯೆ ಬಗ್ಗಿ ನೋಡಿ, ಈ ಸುಂದರವಾದ ಲಿಪಿಯಲ್ಲಿ ಏನಿದೆ ಎಂದು ಕೇಳಿದಳು.

ಪ್ರಭಾಕರ್, ಅದೊಂದು ಬಹಳ ಆಳವಾದ ರೂಪಕ, ಅಜ್ಞಾನದ ಬಾಗಿಲನ್ನು ಕುರಿತದ್ದು ಎಂದು ವಿವರಿಸಿದರು. ‘ಡೋರ್’ ಎಂಬ ಪದ ಗಿರಿಜಮ್ಮನ ಕಿವಿಗೆ ಬಿತ್ತು.

‘ಡೋರು ಅಂದ್ರಲ್ಲ, ಏನಂತವ್ವ?’

‘ಅಜ್ಞಾನದ ಬಾಗಿಲು ಅಂತಿದ್ದಾರೆ,’ ಎಂದೆ.

ಗಿರಿಜಮ್ಮ ಒಂದು ಹೆಜ್ಜೆ ಮುಂದೆ ಹೋದರು. ದನಿ ಏರಿಸಲಿಲ್ಲ, ಅಡುಗೆಮನೆಯಲ್ಲಿ ದಿನವೂ ಮಾತಾಡುವ ದನಿಯೇ ಸಾಕಾಯಿತು.

‘ಅಜ್ಞಾನವೂ ಅಲ್ಲ, ಗಿಜ್ಞಾನವೂ ಅಲ್ಲ ಕಣಪ್ಪ. ಅದು ಲಾಂಡ್ರಿ ಬಾಗ್ಲು. ಬಿಳೀದು. ಚಿಲ್ಕ ಒರಗಡೆ ಇತ್ತು. ನಾನು ಒಳಗೆ ಮಲಗ್ತಿದ್ದೆ.’

ಅಲ್ಲಿದ್ದವರಿಗೆಲ್ಲ ಅರ್ಥವಾಯಿತು. ಅರ್ಥವಾಗದಿದ್ದವಳು ಒಬ್ಬಳೇ. ಅವಳು ನಗುತ್ತಾ, ‘ಸಾರಿ, ಈ ಲೇಡಿ ಏನಂದರು?’ ಎಂದಳು.

‘ಆಶೀರ್ವಾದ ಮಾಡ್ತಿದಾರೆ,’ ಎಂದರು ಪ್ರಭಾಕರ್ ಇಂಗ್ಲಿಷಿನಲ್ಲಿ, ತಕ್ಷಣ.

ಅನಾವರಣದಲ್ಲಿ ಕಂಪನಿಯವರು ಮಾತಾಡುವಂತಿಲ್ಲ ಎಂಬುದು ನಮ್ಮ ಲಿಖಿತ ನಿಯಮ. ನಾನು ಮಾತಾಡಿದೆ. ಇಂಗ್ಲಿಷಿನಲ್ಲಿ, ಒಂದು ಪದ ಸೇರಿಸದೆ, ಒಂದು ಪದ ಬಿಡದೆ ಹೇಳಿದೆ: ‘ಅದು ಲಾಂಡ್ರಿಯ ಬಾಗಿಲು. ಬಿಳಿಯದು. ಚಿಲಕ ಹೊರಗಡೆ ಇತ್ತು. ನಾನು ಒಳಗೆ ಮಲಗುತ್ತಿದ್ದೆ.’

ಕೌನ್ಸಿಲ್‌ನವಳ ನಗು ನಿಂತಿತು. ಅವಳು ಗಿರಿಜಮ್ಮನನ್ನು ಬಿಟ್ಟು ನನ್ನನ್ನು ನೋಡಿದಳು. ‘ನೀವಾ? ಎಲ್ಲಿ? ಯಾವ ದೇಶದಲ್ಲಿ?’

ನಾನು ಅದನ್ನು ಗಿರಿಜಮ್ಮನಿಗೆ ಕನ್ನಡದಲ್ಲಿ ಕೇಳಿದೆ. ಅವರು ಪಾರ್ಕಿನ ಆಚೆಯ ರಸ್ತೆಯ ಕಡೆ ಕೈ ತೋರಿಸಿದರು. ‘ಇಲ್ಲೇ. ಮೂರು ಸ್ಟಾಪ್ ಆಚೆ.’

‘ಇಲ್ಲೇ,’ ಎಂದೆ ನಾನು. ‘ಮೂರು ಸ್ಟಾಪ್ ಆಚೆ.’

ಯಾರೂ ಆ ಕಡೆ ತಿರುಗಿ ನೋಡಲಿಲ್ಲ. ಮೂರು ಸ್ಟಾಪ್ ಆಚೆ ಯಾರ ಯಾರ ಮನೆಗಳಿವೆ ಎಂದು ಎಲ್ಲರಿಗೂ ಗೊತ್ತಿತ್ತು. ಸುಮಂತ್ ಚಪ್ಪಾಳೆ ತಟ್ಟಲು ಎತ್ತಿದ ಕೈಗಳನ್ನು ಹಾಗೇ ಜೇಬಿಗೆ ಇಳಿಸಿದ. ಪ್ರಭಾಕರ್ ನನ್ನ ಹತ್ತಿರ ಬಂದು ಮೆಲ್ಲಗೆ, ‘ನೀನು ನಮ್ಮ ಮನೆಮಗಳ ಹಾಗೆ ಅಂದ್ಕೊಂಡಿದ್ದೆ ಕಣಮ್ಮ’ ಎಂದರು. ಬೇರೆ ಮಾತು ಅವರಿಗೆ ಸಿಗಲಿಲ್ಲ. ಸೋಮವಾರ ಕಂಪನಿಗೆ ಅವರ ದೂರು ಬಂತು, ಸಿಬ್ಬಂದಿ ಕಾರ್ಯಕ್ರಮ ಕೆಡಿಸಿದರೆಂದು. ಮ್ಯಾನೇಜರ್ ನನ್ನನ್ನು ಕರೆದು, ಇನ್ನು ಮೇಲೆ ಅನಾವರಣಗಳಿಗೆ ಹೋಗುವುದು ಬೇಡ ಎಂದ. ಮೇಜು ಹೋದದ್ದು ಅದಕ್ಕಲ್ಲ. ಅದು ವೆಬ್‌ಸೈಟ್ ಬಂದದ್ದಕ್ಕೆ, ಮರುವರ್ಷ.

ಆ ಶನಿವಾರ ಊಟ ರೆಡಿ ಎಂದು ಯಾರೋ ಕೂಗಿದ್ದೇ ತಡ, ಜನ ಭವನದ ಕಡೆ ಬೇಗ ಬೇಗ ನಡೆದರು. ಕೌನ್ಸಿಲ್‌ನವಳು ಗಿರಿಜಮ್ಮನ ಫೋನ್ ನಂಬರ್ ಬರೆದುಕೊಂಡು, ಅವರ ಕೈ ಒತ್ತಿ ಹೋದಳು. ಆ ಫೋನ್ ಬಂತೋ ಇಲ್ಲವೋ ಎಂದು ನೀವು ಕೇಳಬಹುದು. ಇದನ್ನು ಬರೆಯುವವರೆಗೆ ಬಂದಿಲ್ಲ.

ಬೆಂಚಿನ ಹತ್ತಿರ ನಾವಿಬ್ಬರೇ ಉಳಿದೆವು. ಗಿರಿಜಮ್ಮ ಕೂರಲಿಲ್ಲ. ಚೀಲದಿಂದ ಕನ್ನಡಕ ತೆಗೆದು ಹಾಕಿಕೊಂಡು, ಬೆಂಚಿನ ಮುಂದೆ ಬಗ್ಗಿ, ಕಂಚಿನ ಮೇಲೆ ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ ಓದತೊಡಗಿದರು. ಬಾ. ಗಿ. ಲು. ತೆ. ಗೆ. ಅಲ್ಲಿ ಬೆರಳು ನಿಂತಿತು. ನಾನೂ ಬಗ್ಗಿ ನೋಡಿದೆ, ಶೆಡ್ಡಿಗೆ ಕಳಿಸುವ ಮುಂಚೆ ನಾನೇ ಮೂರು ಸಲ ನೋಡಿದ್ದರೂ.

‘ಸಿ,’ ಎಂದರು ಗಿರಿಜಮ್ಮ. ‘ಐತೆ.’

ಆಮೇಲೆ ಕೂತರು.